ದೂರವಾಣಿಯ ತಂತಿ ಮತ್ತು ಕಛೇರಿಯ ಗಣಕಜಾಲ: ದೋಷಶೋಧನೆಯ ಚರಿತ್ರೆಯಿಂದ ಕೆಲವು ಪುಟಗಳು

ಯಂತ್ರಗಳ ಚರಿತ್ರೆಯನ್ನು ಬರೆದವರು ಅವು ಹುಟ್ಟಿದ ದಿನವನ್ನು ಅಕ್ಕರೆಯಿಂದ ದಾಖಲಿಸಿದ್ದಾರೆ. ಅವು ಕೆಟ್ಟು ನಿಂತ ದಿನಗಳ ಕಡೆಗೆ ಗಮನ ಕೊಟ್ಟವರು ವಿರಳ. ಕೆಟ್ಟ ಯಂತ್ರವನ್ನು ಯಾರು, ಯಾವ ಕುರುಹನ್ನು ಹಿಡಿದು, ಯಾವ ತರ್ಕದಿಂದ ಸರಿಪಡಿಸಿದರೆಂಬ ವಿವರವು ಕೈಪಿಡಿಗಳ ಕೊನೆಯ ಪುಟಗಳಲ್ಲಿ ಅಡಗಿದ್ದು, ಯಂತ್ರವು ಮೂಲೆಗೆ ಬಿದ್ದಾಗ ಅದರೊಡನೆಯೇ ಕಣ್ಮರೆಯಾಗುತ್ತದೆ. ಅಂತಹ ಒಂದು ವಿದ್ಯೆಯನ್ನು ಈ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ. ೧೯೮೦ರ ದಶಕದಿಂದ ಈ ಶತಮಾನದ ಮೊದಲ ಕೆಲವು ವರ್ಷಗಳವರೆಗೆ, ಮನೆಯಲ್ಲಿಯೋ ಪರಸ್ಥಳದ ಹೋಟೆಲಿನಲ್ಲಿಯೋ ಇದ್ದ ನೌಕರನು ತನ್ನ ಕಛೇರಿಯ ಗಣಕಜಾಲವನ್ನು ಸೇರಬೇಕಾದರೆ ಸಾಮಾನ್ಯ ದೂರವಾಣಿಯಿಂದ ಕಛೇರಿಯ ಒಂದು ಸಂಖ್ಯೆಗೆ ಕರೆ ಮಾಡಬೇಕಾಗಿತ್ತು. ಆ ಸಂಖ್ಯೆಯನ್ನು ಕರೆಯುತ್ತಿದ್ದುದೂ ಯಂತ್ರ, ಉತ್ತರಿಸುತ್ತಿದ್ದುದೂ ಯಂತ್ರ. ಇದಕ್ಕೆ 'ಡಯಲ್-ಇನ್' ಎಂದು ಹೆಸರು. ಕರೆ ಕೂಡದೆ ಹೋದಾಗ ನೌಕರನು ಹೊರಗೇ ಉಳಿಯುತ್ತಿದ್ದನು. ಕೆಲವು ವೇಳೆ, ಮುಂದೆ ತೋರಿಸುವಂತೆ, ಬರಕೂಡದವನು ಒಳಗೆ ಬರುತ್ತಿದ್ದನು.

ನಮ್ಮ ವಾದವು ಇಷ್ಟೇ: ಈ ವ್ಯವಸ್ಥೆಯಲ್ಲಿ ದೋಷವನ್ನು ನಿವಾರಿಸಲು ಹೂಡಿದ ಉಪಾಯಗಳು ಬಹುಮಟ್ಟಿಗೆ ದೋಷದ ಕುರುಹನ್ನು ಇನ್ನೊಂದು ಮೆಟ್ಟಿಲಿನಷ್ಟು ಮರೆಗೆ ಸರಿಸಿದುವು. ಮೊದಲು ಕಿವಿಗೆ ಕೇಳುತ್ತಿದ್ದುದು, ಕಣ್ಣಿಗೆ ಕಾಣುತ್ತಿದ್ದುದು, ಕೊನೆಕೊನೆಗೆ ಪರದೆಯ ಮೇಲಿನ ಒಂದು ಸಂಖ್ಯೆಯಾಗಿ ಉಳಿಯಿತು. ಆ ಸಂಖ್ಯೆಯಾದರೂ ದೋಷವು ಪ್ರಕಟವಾದ ಸ್ಥಳವನ್ನು ಹೇಳುತ್ತಿತ್ತೇ ಹೊರತು ಅದು ಹುಟ್ಟಿದ ಸ್ಥಳವನ್ನಲ್ಲ.

ಮೊದಲು ತಂತಿಯ ಸ್ವಭಾವವನ್ನು ತಿಳಿಯಬೇಕು. ದೂರವಾಣಿಯು ಮನುಷ್ಯನ ಮಾತಿಗಾಗಿ ಹುಟ್ಟಿದುದು. ಮಾತು ತಿಳಿಯಲು ಸೆಕೆಂಡಿಗೆ ಸುಮಾರು ೩೦೦ರಿಂದ ೩೪೦೦ ಕಂಪನಗಳವರೆಗಿನ ಸ್ವರಗಳು ಸಾಕೆಂದು ಕಂಡುಕೊಂಡ ಎಂಜಿನಿಯರುಗಳು ಉಳಿದುದನ್ನೆಲ್ಲ ಸೋಸಿಬಿಟ್ಟರು. ಗಣಕಯಂತ್ರದ ಸೊನ್ನೆ-ಒಂದುಗಳು ಈ ಇಕ್ಕಟ್ಟಾದ ದಾರಿಯಲ್ಲಿಯೇ ಸ್ವರದ ವೇಷ ತೊಟ್ಟು ಹೋಗಬೇಕು. ಆ ವೇಷವನ್ನು ತೊಡಿಸಿ, ಆಚೆಯ ತುದಿಯಲ್ಲಿ ಕಳಚುವ ಉಪಕರಣವೇ ಮೋಡೆಮ್. ದೂರದ ಗಣಕವನ್ನು ತಂತಿಯ ಮೂಲಕ ಬಳಸಿದ ಮೊದಲ ಪ್ರಸಿದ್ಧ ಪ್ರದರ್ಶನವು ೧೯೪೦ರ ಸೆಪ್ಟೆಂಬರ್ ೧೧ರಂದು ನಡೆಯಿತು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಸೇರಿದ್ದ ಗಣಿತಜ್ಞರ ಸಭೆಯಲ್ಲಿ ಜಾರ್ಜ್ ಸ್ಟಿಬಿಟ್ಸನು ಟೆಲಿಪ್ರಿಂಟರಿನ ಮುಂದೆ ಕುಳಿತು, ನ್ಯೂಯಾರ್ಕಿನಲ್ಲಿದ್ದ ಬೆಲ್ ಪ್ರಯೋಗಾಲಯದ ಯಂತ್ರದಿಂದ ಉತ್ತರಗಳನ್ನು ತರಿಸಿದನು. ಆದರೆ ಯಾರು ಬೇಕಾದರೂ ಸಾಮಾನ್ಯ ಕರೆಯ ಮೂಲಕ ಗಣಕವನ್ನು ತಲುಪುವ ಮಾರ್ಗವು ಸುಗಮವಾದುದು ೧೯೬೨ರಲ್ಲಿ ಬಂದ 'ಬೆಲ್ ೧೦೩' ಮೋಡೆಮಿನಿಂದ.

ಈ ಮೋಡೆಮಿನ ರೀತಿ ಸರಳವಾದುದು. ಕರೆದವನು ಸೊನ್ನೆಗೆ ೧೦೭೦, ಒಂದಕ್ಕೆ ೧೨೭೦ ಕಂಪನಗಳ ಸ್ವರವನ್ನು ಹೊರಡಿಸುತ್ತಾನೆ. ಉತ್ತರಿಸುವವನು ೨೦೨೫ ಮತ್ತು ೨೨೨೫ರ ಸ್ವರಗಳಲ್ಲಿ ನುಡಿಯುತ್ತಾನೆ. ಇಬ್ಬರ ಸ್ವರಗಳೂ ಬೇರೆಯಾದುದರಿಂದ ಏಕಕಾಲದಲ್ಲಿ ಮಾತನಾಡಬಹುದು. ವೇಗ ಸೆಕೆಂಡಿಗೆ ೩೦೦ ಬಿಟ್, ಅಂದರೆ ಸುಮಾರು ೩೦ ಅಕ್ಷರ. ಇಲ್ಲಿ ಒಂದು ಸಣ್ಣ ದೋಷವನ್ನು ಗಮನಿಸಬೇಕು. ಎರಡು ಮೋಡೆಮುಗಳನ್ನೂ 'ಕರೆಯುವವನ' ಸ್ಥಾನಕ್ಕೆ ತಿರುಗಿಸಿಟ್ಟರೆ ಎರಡೂ ಕೆಳಗಿನ ಸ್ವರದಲ್ಲಿಯೇ ನುಡಿಯುತ್ತವೆ, ಎರಡೂ ಮೇಲಿನ ಸ್ವರಕ್ಕಾಗಿಯೇ ಕಿವಿಗೊಟ್ಟಿರುತ್ತವೆ. ತಂತಿ ಸರಿಯಾಗಿದೆ, ಯಂತ್ರಗಳು ಸರಿಯಾಗಿವೆ, ಮಾತು ಮಾತ್ರ ನಡೆಯುವುದಿಲ್ಲ. ಆದರೆ ದೂರವಾಣಿಯ ಕೈಪಿಡಿಯನ್ನು ಕಿವಿಗಿಟ್ಟುಕೊಂಡವನಿಗೆ ಇದು ಆ ಕ್ಷಣದಲ್ಲಿಯೇ ತಿಳಿಯುತ್ತಿತ್ತು. ಎತ್ತರದ ಸ್ವರ ಕೇಳಬೇಕಾದಲ್ಲಿ ಕೇಳುತ್ತಿರಲಿಲ್ಲ. ಮೊದಲ ತಲೆಮಾರಿನ ದೋಷಶೋಧಕನ ಮುಖ್ಯ ಉಪಕರಣ ಅವನ ಕಿವಿಯೇ ಆಗಿತ್ತು.

ಪ್ರತಿಧ್ವನಿಯ ಕಥೆ ಇದಕ್ಕಿಂತ ಸ್ವಾರಸ್ಯವಾದುದು. ದೂರದ ಕರೆಗಳಲ್ಲಿ ಮಾತನಾಡುವವನಿಗೆ ತನ್ನ ದನಿಯೇ ಮರಳಿ ಕೇಳಿ ತೊಂದರೆಯಾಗುತ್ತಿದ್ದಿತು. ಅದನ್ನು ತಪ್ಪಿಸಲು ದೂರವಾಣಿ ಸಂಸ್ಥೆಗಳು ಪ್ರತಿಧ್ವನಿ ನಿರೋಧಕಗಳನ್ನು ಅಳವಡಿಸಿದುವು. ಒಬ್ಬನು ಮಾತನಾಡುವಾಗ ಇವು ಇನ್ನೊಂದು ದಿಕ್ಕಿನ ದಾರಿಯನ್ನು ಮುಚ್ಚುತ್ತವೆ. ಮನುಷ್ಯರು ಒಬ್ಬರಾದಮೇಲೆ ಒಬ್ಬರು ಮಾತನಾಡುತ್ತಾರಾಗಿ ಇದರಿಂದ ಹಿತವೇ ಆಯಿತು. ಏಕಕಾಲದಲ್ಲಿ ಎರಡು ಕಡೆಯಿಂದಲೂ ನುಡಿಯುವ ಮೋಡೆಮುಗಳಿಗೆ ಮಾತ್ರ ಇದೇ ಉಪಕಾರ ಕಂಟಕವಾಯಿತು. ಊರೊಳಗಿನ ಕರೆ ಚೆನ್ನಾಗಿ ಕೂಡುತ್ತದೆ, ದೂರದ ಕರೆ ಕೂಡುವುದಿಲ್ಲ. ಪರಿಹಾರವಾಗಿ, ಸುಮಾರು ೨೧೦೦ ಕಂಪನಗಳ ಆಸುಪಾಸಿನ ಒಂದು ಸ್ವರವು ಕೆಲಕಾಲ ಬಿಡದೆ ಕೇಳಿಬಂದರೆ ನಿರೋಧಕವು ತಾನಾಗಿ ಸುಮ್ಮನಾಗುವಂತೆ ಏರ್ಪಡಿಸಲಾಯಿತು. ಬೆಲ್ ೧೦೩ರ ೨೨೨೫ರ ಉತ್ತರಸ್ವರವು ಈ ವ್ಯಾಪ್ತಿಯೊಳಗೇ ಬರುತ್ತದೆ. ಮೋಡೆಮ್ ಉತ್ತರಿಸಿದ ಕೂಡಲೆ ಕೇಳಿಬರುತ್ತಿದ್ದ ಆ ನೀಳವಾದ ಸ್ವರವು ಎದುರಿನ ಮೋಡೆಮಿಗೆ ಉತ್ತರವೂ ಹೌದು, ದಾರಿಯ ನಡುವೆ ಕುಳಿತಿದ್ದ ಕಾವಲುಗಾರನಿಗೆ 'ಸರಿದು ನಿಲ್ಲು' ಎಂಬ ಸೂಚನೆಯೂ ಹೌದು.

ಹೊಣೆ ಯಾರದೆಂಬ ಪ್ರಶ್ನೆಯೂ ಈ ಚರಿತ್ರೆಯಲ್ಲಿ ಬೇರ್ಪಡಿಸಲಾಗದಂತೆ ಸೇರಿಕೊಂಡಿದೆ. ಅಮೆರಿಕದಲ್ಲಿ ಬಹುಕಾಲ ತಂತಿಯೂ ಅದಕ್ಕೆ ಸೇರಿದ ಉಪಕರಣವೂ ದೂರವಾಣಿ ಸಂಸ್ಥೆಯದೇ ಆಗಿದ್ದುವು. ೧೯೬೮ರಲ್ಲಿ ಅಲ್ಲಿನ ಸಂಪರ್ಕ ಆಯೋಗವು ಕಾರ್ಟರ್‌ಫೋನ್ ಪ್ರಕರಣದಲ್ಲಿ ಕೊಟ್ಟ ತೀರ್ಪು, ಜಾಲಕ್ಕೆ ಹಾನಿಯಾಗದ ಪಕ್ಷದಲ್ಲಿ ಅನ್ಯರ ಉಪಕರಣಗಳನ್ನೂ ಸೇರಿಸಬಹುದೆಂದು ಸಾರಿತು. ಮೋಡೆಮ್ ಅಗ್ಗವಾದುದು, ಮನೆಮನೆಗೆ ಬಂದುದು ಇದರ ಸತ್ಫಲ. ಆದರೆ ಅಂದಿನಿಂದ ಕೆಟ್ಟ ಕರೆಗೆ ಒಬ್ಬ ಯಜಮಾನನಿಲ್ಲದಂತಾಯಿತು. ತಂತಿಯವರು ಮೋಡೆಮನ್ನೂ, ಮೋಡೆಮಿನವರು ತಂತಿಯನ್ನೂ ಬೆರಳು ತೋರಿಸತೊಡಗಿದರು. ಈ ವಿವಾದವನ್ನು ತೀರಿಸಲು ಬಂದುದೇ ಕುಣಿಕೆ ಪರೀಕ್ಷೆ. ಮೋಡೆಮ್ ತಾನು ಕಳುಹಿದುದನ್ನು ತಂತಿಗೆ ಬಿಡದೆ ತನಗೇ ಮರಳಿಸಿಕೊಳ್ಳುವುದು ಮೊದಲ ಹೆಜ್ಜೆ. ಅದು ಸರಿಹೋದರೆ, ದೂರದ ಮೋಡೆಮಿನಿಂದ ಮರಳಿಸುವಂತೆ ಕೇಳುವುದು ಎರಡನೆಯ ಹೆಜ್ಜೆ. ಕಳುಹಿದ ಅಕ್ಷರಗಳು ಎಲ್ಲಿಯವರೆಗೆ ಹೋಗಿ ಸರಿಯಾಗಿ ಮರಳುತ್ತವೆಯೋ ಅಲ್ಲಿಯವರೆಗಿನ ದಾರಿ ನಿರ್ದೋಷಿ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 'ವಿ.೫೪' ಎಂಬ ಶಿಫಾರಸಿನಲ್ಲಿ ಇದನ್ನು ವಿಧಿಬದ್ಧಗೊಳಿಸಿತು. ದಾರಿಯನ್ನು ತುಂಡು ಮಾಡಿ ನೋಡುವ ಈ ತರ್ಕವು, ನಮ್ಮ ಅಭಿಪ್ರಾಯದಲ್ಲಿ, ಈ ವಿದ್ಯೆಯ ಬೆನ್ನೆಲುಬು.

ಮೋಡೆಮಿಗೂ ಗಣಕಕ್ಕೂ ನಡುವಣ ಕೇಬಲಿನ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು. ಏಕೆಂದರೆ ಅತ್ಯಂತ ಅಪಾಯಕರವಾದ ದೋಷವು ಹುಟ್ಟಿದುದು ಇಲ್ಲಿ. ೧೯೬೦ರಲ್ಲಿ ಮೊದಲು ಪ್ರಕಟವಾಗಿ ೧೯೬೯ರಲ್ಲಿ ಪರಿಷ್ಕೃತವಾದ 'ಆರ್‌ಎಸ್-೨೩೨' ಎಂಬ ಮಾನಕದಂತೆ ಈ ಕೇಬಲಿಗೆ ಸಾಮಾನ್ಯವಾಗಿ ೨೫ ಮುಳ್ಳುಗಳು. ಅಕ್ಷರಗಳು ಹೋಗುವುದಕ್ಕೆ ಒಂದು, ಬರುವುದಕ್ಕೆ ಒಂದು. ಉಳಿದವುಗಳಲ್ಲಿ ಬಹುಪಾಲು ಸನ್ನೆಗಳಿಗೆ. ಎಂಟನೆಯ ಮುಳ್ಳಿನ ಮೂಲಕ ಮೋಡೆಮ್ ಗಣಕಕ್ಕೆ 'ಆಚೆಯವನ ಸ್ವರ ಕೇಳಿಸುತ್ತಿದೆ' ಎಂದು ತಿಳಿಸುತ್ತದೆ. ಇಪ್ಪತ್ತನೆಯದರ ಮೂಲಕ ಗಣಕವು ಮೋಡೆಮಿಗೆ 'ನಾನು ಸಿದ್ಧನಿದ್ದೇನೆ' ಎನ್ನುತ್ತದೆ. ಕೆಲವು ಪ್ರೋಗ್ರಾಮುಗಳು ಎಂಟನೆಯ ಸನ್ನೆ ಇಲ್ಲದಿದ್ದರೆ ಮೋಡೆಮಿನೊಡನೆ ಮಾತನ್ನೇ ಆಡುತ್ತಿರಲಿಲ್ಲ. ಕರೆ ಕೂಡುವ ಮುನ್ನ ಆ ಸನ್ನೆ ಬರುವಂತಿಲ್ಲ. ಅದು ಬಾರದೆ ಕರೆ ಮಾಡುವಂತಿಲ್ಲ. ಈ ತೊಡಕನ್ನು ಬಿಡಿಸಲು ಎಂಟನೆಯ ಸನ್ನೆಯನ್ನು ಸದಾ 'ಇದೆ' ಎಂಬಂತೆ ಕಟ್ಟಿಬಿಡುವ ರೂಢಿ ಬಂದಿತು. ಮೋಡೆಮಿನ ಒಂದು ಪುಟ್ಟ ಸ್ವಿಚ್ಚನ್ನು ಒತ್ತಿದರೆ ಸಾಕು, ಕರೆ ಮಾಡುವವನ ಕಡೆ ಅಡ್ಡಿ ನೀಗಿತು.

ಇದೇ ಉಪಾಯವನ್ನು ಕಛೇರಿಯ ಕಡೆಯ ಮೋಡೆಮಿಗೆ ಅನ್ವಯಿಸಿದಾಗ ಏನಾಯಿತು? ಒಳಗೆ ಬಂದಿದ್ದ ನೌಕರನ ಕರೆ ನಡುವೆ ತುಂಡಾಗುತ್ತದೆ. ಮೋಡೆಮಿಗೆ ಇದು ತಿಳಿದಿದೆ. ಆದರೆ ಸನ್ನೆಯನ್ನು ಕಟ್ಟಿಹಾಕಿರುವುದರಿಂದ ಗಣಕಕ್ಕೆ ತಿಳಿಯುವುದಿಲ್ಲ. ಆ ನೌಕರನ ಹೆಸರಿನ ಬಾಗಿಲು ಹಾಗೆಯೇ ತೆರೆದಿರುತ್ತದೆ. ಮುಂದಿನ ಕರೆ ಯಾರದೇ ಆಗಲಿ, ಅವನು ಹೆಸರನ್ನಾಗಲಿ ಪಾಸ್‌ವರ್ಡನ್ನಾಗಲಿ ಕೊಡದೆ ನೇರವಾಗಿ ಹಿಂದಿನವನ ಕೆಲಸದ ನಡುವೆ ಬಂದು ನಿಲ್ಲುತ್ತಾನೆ. ಅವನ ಕಡತಗಳು, ಅವನ ಅಧಿಕಾರ, ಎಲ್ಲವೂ ಇವನ ಕೈಗೆ. ಇಪ್ಪತ್ತನೆಯ ಸನ್ನೆಯನ್ನು ಕಡೆಗಣಿಸಿದರೆ ಇದಕ್ಕೆ ವಿಪರೀತವಾದ ಫಲ: ನೌಕರನು ವಿಧಿಪೂರ್ವಕವಾಗಿ ಹೊರಬಂದರೂ ಕಛೇರಿಯ ಮೋಡೆಮ್ ಕರೆಯನ್ನು ಬಿಡುವುದಿಲ್ಲ, ಆಚೆಯವನೂ ಬಿಡದಿದ್ದರೆ ದೂರವಾಣಿಯ ಲೆಕ್ಕ ಓಡುತ್ತಲೇ ಇರುತ್ತದೆ. ಮೊದಲನೆಯ ದೋಷದ ವಿಶೇಷವೇನೆಂದರೆ, ದೂರು ಕೊಡುವವರು ಯಾರೂ ಇರುವುದಿಲ್ಲ. ಕರೆ ತುಂಡಾದವನು ಮತ್ತೆ ಕರೆದು ಬೇರೊಂದು ಮೋಡೆಮಿನ ಮೂಲಕ ಒಳಗೆ ಬಂದಿರುತ್ತಾನೆ. ಬಿಟ್ಟಿಯಾಗಿ ಒಳಗೆ ಬಂದವನು ದೂರು ಕೊಡುವುದೇಕೆ? ಅನುಭವಿಗಳು ಹೊಸ ಮೋಡೆಮನ್ನು ಕಟ್ಟಿದ ದಿನವೇ ಬೇಕೆಂದು ಕರೆಯನ್ನು ಕತ್ತರಿಸಿ, ಮತ್ತೆ ಕರೆದು ನೋಡುತ್ತಿದ್ದುದು ಇದರಿಂದ.

೧೯೮೧ರಲ್ಲಿ ಹೇಯ್ಸ್ ಸಂಸ್ಥೆಯ 'ಸ್ಮಾರ್ಟ್‌ಮೋಡೆಮ್' ಬಂದ ಮೇಲೆ ಡಯಲ್ ಮಾಡುವ ಕೆಲಸವೂ ಮನುಷ್ಯನ ಕೈಬಿಟ್ಟಿತು. 'ಏಟಿ' ಎಂಬ ಎರಡಕ್ಷರಗಳಿಂದ ಆರಂಭವಾಗುವ ಆಜ್ಞೆಗಳನ್ನು ಗಣಕವೇ ಮೋಡೆಮಿಗೆ ಕೊಡಬಹುದಾಯಿತು. ಆಜ್ಞೆಯೂ ಸಂದೇಶವೂ ಒಂದೇ ತಂತಿಯಲ್ಲಿ ಹೋಗುವುದರಿಂದ ಅವನ್ನು ಬೇರ್ಪಡಿಸಲು ಮೂರು ಸಂಕಲನ ಚಿಹ್ನೆಗಳ ಸಂಜ್ಞೆಯೊಂದನ್ನು ಗೊತ್ತುಮಾಡಿ, ಅದರ ಹಿಂದೆ ಮುಂದೆ ಒಂದೊಂದು ಸೆಕೆಂಡಿನ ಮೌನವಿರಬೇಕೆಂದು ವಿಧಿಸಿದರು. ಈ ಮೌನಕ್ಕೆ ಪೇಟೆಂಟು ದೊರೆತುದರಿಂದ ಬೇರೆ ತಯಾರಕರಲ್ಲಿ ಕೆಲವರು ಮೌನವನ್ನು ಕೈಬಿಟ್ಟರು. ಅಂತಹ ಮೋಡೆಮಿನ ಮೂಲಕ ಈ ಸಂಜ್ಞೆಯೂ ಅದರ ಬೆನ್ನಿಗೇ ಕರೆಮುಗಿಸುವ ಆಜ್ಞೆಯೂ ಇರುವ ಒಂದು ಪತ್ರವನ್ನು ಕಳುಹಿದರೆ, ಪತ್ರವನ್ನೇ ಅಪ್ಪಣೆಯೆಂದು ತಿಳಿದು ಮೋಡೆಮ್ ಕರೆಯನ್ನು ಮುಗಿಸಿಬಿಡುತ್ತಿತ್ತು!

ನಮ್ಮ ದೇಶದಲ್ಲಿ ಈ ಮೋಡೆಮುಗಳಿಗೆ ಒದಗಿದ ಕಷ್ಟ ಬೇರೆಯ ಬಗೆಯದು. ಬೆಂಗಳೂರಿನಲ್ಲಿ ೧೯೪೮ರಲ್ಲಿ ಸ್ಥಾಪಿತವಾದ ಭಾರತೀಯ ದೂರವಾಣಿ ಕಾರ್ಖಾನೆಯು ಸ್ಟ್ರೋಜರ್ ಪದ್ಧತಿಯ ವಿನಿಮಯ ಕೇಂದ್ರಗಳನ್ನೂ ಮುಂದೆ ಕ್ರಾಸ್‌ಬಾರ್ ಕೇಂದ್ರಗಳನ್ನೂ ತಯಾರಿಸಿತು. ಸ್ಟ್ರೋಜರ್ ಕೇಂದ್ರದಲ್ಲಿ ಲೋಹದ ತೋಳುಗಳು ಮೇಲೇರಿ ಸುತ್ತಿ ದಾರಿ ಕೂಡಿಸುತ್ತವೆ. ಅವುಗಳ ಪ್ರತಿ ಚಲನೆಯೂ ನೆರೆಯ ತಂತಿಗಳಲ್ಲಿ 'ಚಟ್' ಎಂಬ ಸಪ್ಪಳವನ್ನೆಬ್ಬಿಸಬಹುದು. ಮಾತಿಗೆ ಇದು ಲೆಕ್ಕಕ್ಕಿಲ್ಲ, ಮೋಡೆಮಿಗೆ ಅಕ್ಷರನಾಶ. ಅಲ್ಲದೆ ಆ ಕೇಂದ್ರಗಳಿಗೆ ಸ್ವರದ ಮೂಲಕ ಡಯಲ್ ಮಾಡುವುದು ತಿಳಿಯದು. ತಂತಿಯನ್ನು ಕಡಿದು ಕೂಡಿಸುವ ಮಿಡಿತಗಳೇ ಬೇಕು. ಸಿ-ಡಾಟ್ ಸಂಸ್ಥೆಯು ರೂಪಿಸಿದ ಮೊದಲ ಗ್ರಾಮೀಣ ವಿದ್ಯುನ್ಮಾನ ವಿನಿಮಯ ಕೇಂದ್ರವು ೧೯೮೬ರಲ್ಲಿ ನಮ್ಮ ಕಿತ್ತೂರಿನಲ್ಲಿಯೇ ಕೆಲಸಕ್ಕೆ ತೊಡಗಿತಾದರೂ, ಹಳೆಯ ಕೇಂದ್ರಗಳು ಬದಲಾಗಲು ವರ್ಷಗಳೇ ಹಿಡಿದುವು. ಇನ್ನು ಡಯಲ್ ಸ್ವರ. ಅಮೆರಿಕದಲ್ಲಿ ಅದು ೩೫೦ ಮತ್ತು ೪೪೦ ಕಂಪನಗಳ ಎರಡು ಸ್ವರಗಳ ಕೂಟ. ನಮ್ಮಲ್ಲಿ ಸುಮಾರು ೪೦೦ ಕಂಪನಗಳ, ಏರಿಳಿತವುಳ್ಳ ಒಂಟಿ ಸ್ವರ. ಆ ದೇಶದ ಮೋಡೆಮ್ ಈ ದೇಶದ ಸ್ವರವನ್ನು ಗುರುತಿಸಲಾರದೆ 'ಡಯಲ್ ಸ್ವರವಿಲ್ಲ' ಎಂದು ವರದಿಮಾಡುತ್ತಿತ್ತು. ಪಕ್ಕದಲ್ಲಿ ನಿಂತವನ ಕಿವಿಗೆ ಸ್ವರ ಸ್ಪಷ್ಟವಾಗಿ ಕೇಳುತ್ತಿದ್ದರೂ! ಸ್ವರಕ್ಕಾಗಿ ಕಾಯದೆ ಕುರುಡಾಗಿ ಡಯಲ್ ಮಾಡೆಂದು 'ಎಕ್ಸ್-೩' ಎಂಬ ಆಜ್ಞೆಯನ್ನು ಸೇರಿಸುವುದು ಇದಕ್ಕೆ ಮದ್ದು. ಆದರೆ ಮದ್ದು ಹಾಕಿದ ಮೇಲೆ ತಂತಿ ನಿಜವಾಗಿಯೇ ಸತ್ತುಹೋದ ದಿನ, ಮೋಡೆಮ್ ಅದನ್ನು ಹೇಳದೆ, ಸತ್ತ ತಂತಿಯಲ್ಲಿಯೇ ಡಯಲ್ ಮಾಡಿ, ಆಚೆಯವನು ಉತ್ತರಿಸಲಿಲ್ಲವೆಂಬ ಅರ್ಥದ ವರದಿಯನ್ನು ಕೊಡುತ್ತಿತ್ತು. ಮೇಲೆ ಹೇಳಿದ ನಮ್ಮ ವಾದಕ್ಕೆ ಇದಕ್ಕಿಂತ ಅಡಕವಾದ ನಿದರ್ಶನ ದೊರೆಯಲಾರದು.

೧೯೮೬ರಲ್ಲಿ ಆರಂಭವಾದ ಎರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲ್ಗೊಂಡಿತು. ಯೋಜನೆಯ ಮೊದಲ ಪತ್ರವ್ಯವಹಾರವು ಡಯಲ್ ಮಾಡಿದ ಕರೆಗಳ ಮೂಲಕವೇ ಸಾಗಿತು. ಅಲ್ಲಿ ಬಳಸಿದ 'ಯುಯುಸಿಪಿ' ಎಂಬ ವಿಧಾನವು ಪತ್ರಗಳನ್ನು ಗುಡ್ಡೆಹಾಕಿಕೊಂಡು, ಕರೆ ಕೂಡಿದಾಗ ಸಾಗಿಸಿ, ಮುರಿದರೆ ಮತ್ತೆ ಪ್ರಯತ್ನಿಸುವಂತಹುದು. ಕೆಟ್ಟ ತಂತಿಗೆ ಹೇಳಿಮಾಡಿಸಿದುದು. ಸಾರ್ವಜನಿಕರಿಗೆ ಡಯಲ್ ಮಾಡಿ ಸೇರುವ ಇಂಟರ್‌ನೆಟ್ ಸೇವೆ ಬಂದುದು ೧೯೯೫ರ ಆಗಸ್ಟ್ ೧೫ರಂದು.

ತಂತಿಯ ಸಪ್ಪಳ ಮೊದಮೊದಲು ಪರದೆಯ ಮೇಲೆ ಕಸವಾಗಿ ಕಾಣುತ್ತಿತ್ತು. ಓದುತ್ತಿದ್ದ ಸಾಲಿನ ನಡುವೆ ಅರ್ಥವಿಲ್ಲದ ಚಿಹ್ನೆಗಳು ಉದುರಿದರೆ, ತಂತಿ ಕೆಟ್ಟಿದೆಯೆಂದು ಗುಮಾಸ್ತನಿಗೂ ತಿಳಿಯುತ್ತಿತ್ತು. ೧೯೮೮ರ 'ವಿ.೪೨' ಮಾನಕವೂ ಅದಕ್ಕೆ ಮುಂಚಿನ ಕೆಲವು ವಿಧಾನಗಳೂ ಈ ಕಸವನ್ನು ತೊಡೆದುಹಾಕಿದುವು: ಕೆಟ್ಟ ತುಂಡನ್ನು ಗುರುತಿಸಿ ಮತ್ತೆ ಕೇಳಿ ಪಡೆಯುವುದು ಮೋಡೆಮುಗಳ ಒಳಗುಟ್ಟಾಯಿತು. ಪರದೆ ಶುದ್ಧವಾಯಿತು. ಕೆಟ್ಟ ತಂತಿಯ ಕುರುಹಾಗಿ ಉಳಿದುದು ನಿಧಾನಗತಿಯೊಂದೇ. ನಿಧಾನಕ್ಕಾದರೋ ನೂರು ಕಾರಣಗಳು. ಇದೇ ಸಮಯದಲ್ಲಿ ವೇಗ ಹೆಚ್ಚಿ, ಗಣಕದೊಳಗಿನ ಸರಣಿ ಚಿಪ್ಪೇ ಹಿಂದೆ ಬಿದ್ದಿತು. ಹಳೆಯ '೮೨೫೦' ಚಿಪ್ಪು ಬಂದ ಒಂದೇ ಒಂದು ಅಕ್ಷರವನ್ನು ಹಿಡಿದಿಡಬಲ್ಲುದು. ಗಣಕವು ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಮುಂದಿನದು ಬಂದರೆ ಮೊದಲನೆಯದು ಮಾಯ. '೧೬೫೫೦ಎ' ಚಿಪ್ಪು ಹದಿನಾರು ಅಕ್ಷರಗಳನ್ನು ಕಾಯ್ದಿಡುತ್ತದೆ. ಅಕ್ಷರ ಕಳೆದುಹೋದುದು ಮೇಜಿನ ಮೇಲಿನ ಪೆಟ್ಟಿಗೆಯೊಳಗೆ, ದೂರು ಹೋದುದು ದೂರವಾಣಿ ಇಲಾಖೆಗೆ.

ಕರೆ ಕೂಡಿದ ಮಾತ್ರಕ್ಕೆ ಜಾಲವನ್ನು ಸೇರಿದಂತಾಗಲಿಲ್ಲ. ೧೯೮೮ರಲ್ಲಿ ದಾಖಲಾದ 'ಸ್ಲಿಪ್' ವಿಧಾನವು ತನ್ನ ಶೀರ್ಷಿಕೆಯಲ್ಲಿಯೇ ತಾನು ಮಾನಕವಲ್ಲವೆಂದು ಸಾರಿಕೊಂಡ ಪ್ರಾಮಾಣಿಕ ವಿಧಾನ. ಅದರಲ್ಲಿ ವಿಳಾಸವನ್ನು ಪರಸ್ಪರ ತಿಳಿಸಿಕೊಳ್ಳುವ ಕ್ರಮವಿಲ್ಲ. ಬಳಸುವವನೇ ಕೈಯಿಂದ ತುಂಬಬೇಕು. ಒಂದಂಕಿ ತಪ್ಪಿದರೆ ಮೌನ. ೧೯೯೪ರಲ್ಲಿ ನೆಲೆನಿಂತ 'ಪಿಪಿಪಿ' ಇದನ್ನು ಸರಿಪಡಿಸಿ, ಕೂಡುವಿಕೆಯನ್ನು ಮೂರು ಘಟ್ಟಗಳಾಗಿ ವಿಂಗಡಿಸಿತು: ಮೊದಲು ಕೊಂಡಿಯ ಷರತ್ತುಗಳು, ಅನಂತರ ಗುರುತಿನ ಪರೀಕ್ಷೆ, ಕೊನೆಗೆ ಜಾಲದ ವಿಳಾಸ. ವಿಂಡೋಸ್ ಗಣಕಗಳಲ್ಲಿ ಈ ಘಟ್ಟಗಳ ಸೋಲುಗಳಿಗೆ ಸಂಖ್ಯೆಗಳಿದ್ದುವು. ೬೮೦ ಎಂದರೆ ಡಯಲ್ ಸ್ವರವಿಲ್ಲ, ೬೭೮ ಎಂದರೆ ಉತ್ತರವಿಲ್ಲ, ೬೯೧ ಎಂದರೆ ಹೆಸರೋ ಪಾಸ್‌ವರ್ಡೋ ಒಪ್ಪಿಗೆಯಾಗಲಿಲ್ಲ, ೭೨೦ ಎಂದರೆ ಎರಡು ಕಡೆಗೂ ಸಮಾನವಾದ ಜಾಲಭಾಷೆಯಿಲ್ಲ. ಈ ಕೊನೆಯದು ಆ ಕಾಲದ ಕಛೇರಿಗಳ ಒಳಚರಿತ್ರೆಯನ್ನೇ ಹೇಳುತ್ತದೆ. ೧೯೯೦ರ ದಶಕದಲ್ಲಿ ಅನೇಕ ಕಛೇರಿಗಳ ಜಾಲಗಳು ನಾವೆಲ್ ಸಂಸ್ಥೆಯ ಐಪಿಎಕ್ಸ್ ಭಾಷೆಯಲ್ಲಿ, ಸಣ್ಣ ಕಛೇರಿಗಳ ಜಾಲಗಳು ನೆಟ್‌ಬಿಯುಐ ಭಾಷೆಯಲ್ಲಿ ನಡೆಯುತ್ತಿದ್ದುವು. ನೌಕರನ ಮನೆಯ ಗಣಕ ಕಲಿತಿದ್ದುದು ಇಂಟರ್‌ನೆಟ್ಟಿನ ಭಾಷೆಯನ್ನು. ಬಾಗಿಲು ತೆರೆಯಿತು, ಗುರುತು ಒಪ್ಪಿಗೆಯಾಯಿತು, ಮಾತಿಗೆ ಮಾತ್ರ ಭಾಷೆಯಿಲ್ಲ.

ಗುರುತಿನ ಪರೀಕ್ಷೆಯಲ್ಲಿಯೂ ಇಂತಹುದೇ ವಂಚನೆ. 'ಪ್ಯಾಪ್' ವಿಧಾನದಲ್ಲಿ ಪಾಸ್‌ವರ್ಡು ಬಯಲಾಗಿಯೇ ತಂತಿಯಲ್ಲಿ ಹೋಗುತ್ತದೆ. 'ಚಾಪ್' ವಿಧಾನದಲ್ಲಿ ಅದು ಹೋಗುವುದೇ ಇಲ್ಲ, ಕಛೇರಿಯು ಒಡ್ಡಿದ ಸವಾಲಿಗೆ ಅದರಿಂದ ಲೆಕ್ಕಹಾಕಿದ ಉತ್ತರ ಮಾತ್ರ ಹೋಗುತ್ತದೆ. ಕಛೇರಿ ಎರಡನೆಯದನ್ನೇ ಬಯಸಿ, ಕರೆದವನು ಮೊದಲನೆಯದನ್ನು ಮಾತ್ರ ಬಲ್ಲವನಾದರೆ, ಸರಿಯಾದ ಪಾಸ್‌ವರ್ಡೂ ನಿಷ್ಪ್ರಯೋಜಕ. ಇನ್ನು ಕೆಲವು ಕಛೇರಿಗಳು ಗುರುತು ಒಪ್ಪಿದ ಮೇಲೂ ಕರೆಯನ್ನು ಕಡಿದು, ನೌಕರನ ದಾಖಲಾದ ಸಂಖ್ಯೆಗೆ ತಾವೇ ಮರಳಿ ಕರೆಯುತ್ತಿದ್ದುವು. ೧೯೮೩ರ 'ವಾರ್‌ಗೇಮ್ಸ್' ಚಲನಚಿತ್ರದಲ್ಲಿ ಹುಡುಗನೊಬ್ಬನು ಸಾಲುಸಾಲಾಗಿ ಸಂಖ್ಯೆಗಳನ್ನು ಕರೆದು ಮೋಡೆಮುಗಳನ್ನು ಹುಡುಕುವುದನ್ನು ಲೋಕವೆಲ್ಲ ಕಂಡ ಮೇಲೆ ಈ ಎಚ್ಚರ ಸಹಜವೇ. ಆದರೆ ಹೋಟೆಲಿನಲ್ಲಿ ತಂಗಿದ ನೌಕರನ ಪಾಡೇನು? ಮರಳಿ ಬಂದ ಕರೆಯನ್ನು ಹೋಟೆಲಿನ ಆಪರೇಟರು ಎತ್ತಿಕೊಂಡು, ಮೋಡೆಮಿನ ಕೀರಲನ್ನು ಕೇಳಿ ಇಟ್ಟುಬಿಡುತ್ತಿದ್ದಳು.

ವೇಗದ ಬಗೆಗೆ ಎರಡು ಮಾತು. ೧೯೯೪ರ 'ವಿ.೩೪' ಮೋಡೆಮ್ ಸೆಕೆಂಡಿಗೆ ೨೮,೮೦೦ ಬಿಟ್‌ಗಳನ್ನೂ, ೧೯೯೬ರ ಅದರ ಪರಿಷ್ಕರಣ ೩೩,೬೦೦ ಬಿಟ್‌ಗಳನ್ನೂ ಮುಟ್ಟಿತು. ಕ್ಲಾಡ್ ಷ್ಯಾನನ್ ೧೯೪೮ರಲ್ಲಿ ಸಾಧಿಸಿ ತೋರಿಸಿದ ನಿಯಮದಂತೆ ಇಂತಹ ತಂತಿಗೆ ಇದು ಹೆಚ್ಚುಕಡಮೆ ಕೊನೆಯ ಎಲ್ಲೆ. ೧೯೯೮ರ 'ವಿ.೯೦' ಮಾನಕದ ೫೬,೦೦೦ವು ಆ ನಿಯಮವನ್ನು ಮೀರಿದುದಲ್ಲ. ವಿನಿಮಯ ಕೇಂದ್ರಗಳ ನಡುವಣ ದಾರಿ ಆಗಲೇ ಅಂಕೀಯವಾಗಿದ್ದುದರ ಲಾಭವನ್ನು ಪಡೆದುದು. ಅದಕ್ಕಾಗಿ ಕಛೇರಿಯ ತುದಿಯೂ ಅಂಕೀಯ ಮಾರ್ಗದಿಂದಲೇ ಕೇಂದ್ರವನ್ನು ಸೇರಿರಬೇಕು. ಸಾಮಾನ್ಯ ತಂತಿಗಳಿಗೆ ಸಾಮಾನ್ಯ ಮೋಡೆಮುಗಳನ್ನು ಸಾಲಾಗಿ ಜೋಡಿಸಿದ್ದ ಕಛೇರಿಗಳು, ಎರಡು ತುದಿಗೂ ಹೊಸ ಮೋಡೆಮುಗಳನ್ನು ಕೊಂಡುತಂದು, ೩೩,೬೦೦ಕ್ಕಿಂತ ಮೇಲೇರದುದನ್ನು ಕಂಡು, ವರ್ತಕನನ್ನು ದೂರಿದುವು. ಇಲ್ಲಿ ದೋಷವೇ ಇರಲಿಲ್ಲ.

ಅಗಲಪಟ್ಟಿಯ ಸಂಪರ್ಕವೂ ಗೂಢಲಿಪಿಯ ಖಾಸಗಿ ಮಾರ್ಗಗಳೂ ಬಂದ ಮೇಲೆ ಡಯಲ್-ಇನ್ ಹಿಂದೆ ಸರಿಯಿತು. ಅಮೆರಿಕದ ಎಒಎಲ್ ಸಂಸ್ಥೆಯು ತನ್ನ ಡಯಲ್ ಸೇವೆಯನ್ನು ೨೦೨೫ರ ಸೆಪ್ಟೆಂಬರ್ ೩೦ರಂದು ನಿಲ್ಲಿಸಿತು. ಆದರೂ ಜಾಲವೇ ಕೆಟ್ಟಾಗ ಅದರ ಉಪಕರಣಗಳನ್ನು ಹೊರಗಿನಿಂದ ತಲುಪಲು ಕೆಲವೆಡೆ ಮೋಡೆಮನ್ನು ಹಿಂಬಾಗಿಲಾಗಿ ಉಳಿಸಿಕೊಂಡಿದ್ದಾರೆ. ಅಲ್ಲಿ ಹಳೆಯ ವ್ಯಾಧಿಯೊಂದು ಮತ್ತೆ ತಲೆಯೆತ್ತಿದೆ. ದೂರವಾಣಿಯ ಕರೆಯೇ ಈಗ ಸಣ್ಣ ಪೊಟ್ಟಣಗಳಾಗಿ ಹೋಗುತ್ತದೆ. ಸ್ಥಳ ಉಳಿಸಲು ಅದನ್ನು ಮಾತಿನ ಸ್ವಭಾವಕ್ಕೆ ಅನುಸಾರವಾಗಿ ಕುಗ್ಗಿಸುವುದೂ ಉಂಟು. ಮಾತು ಚೆನ್ನಾಗಿಯೇ ಕೇಳುತ್ತದೆ. ಮೋಡೆಮ್ ಮಾತ್ರ ಕೂಡುವುದಿಲ್ಲ. ಕೂಡಿದರೂ ಸ್ವಲ್ಪ ಹೊತ್ತಿನಲ್ಲಿ ಬೀಳುತ್ತದೆ. ಇದನ್ನು ತಪ್ಪಿಸಲು ಕರೆಯ ಆರಂಭದಲ್ಲಿ ಉಪಕರಣವು ಕಿವಿಗೊಟ್ಟು ಒಂದು ಸ್ವರವನ್ನು ಕಾಯುತ್ತದೆ. ಅದು ಕೇಳಿಬಂದರೆ ಕುಗ್ಗಿಸುವುದನ್ನು ಬಿಟ್ಟು ದಾರಿಯನ್ನು ತೆರೆದಿಡುತ್ತದೆ. ಆ ಸ್ವರವು ಪ್ರತಿಧ್ವನಿಯ ಕಾವಲುಗಾರನನ್ನು ಸುಮ್ಮನಾಗಿಸುತ್ತಿದ್ದ ಅದೇ ೨೧೦೦ ಕಂಪನಗಳ ಉತ್ತರಸ್ವರ.